ಬಾಗಿಲಿಗೆ ಬೆನ್ನು ಮಾಡಿ ಕೂತವರು

ಮೊದಲು ಬಂದದ್ದು ರಬ್ಬರಿನ ವಾಸನೆ. ಹೊಸ ಚಪ್ಪಲಿ ಡಬ್ಬಿ ತೆರೆದಾಗ ಬರುತ್ತದಲ್ಲ, ಅಂಥದ್ದು. ಕಲಬುರಗಿಯಲ್ಲಿ ಮೊಳಕಾಲು ನೋವಿಗೆಂದು ವಾರಕ್ಕೆ ಎರಡು ಸಲ ಹೋಗುತ್ತಿರುವ ಫಿಜಿಯೋಥೆರಪಿ ಕೋಣೆಯಲ್ಲಿ, ಅಲ್ಲಿನ ಹುಡುಗಿ ಕಪ್ಪು ಬಣ್ಣದ, ಮೊಳದುದ್ದದ, ದಿಂಡಿನಂಥ ಒಂದು ವಸ್ತುವನ್ನು ತಂದು ಚಾಪೆಯ ಮೇಲಿಟ್ಟಳು. ಹಗುರ ಇತ್ತು. ಹೊರಳಿಸಿದರೆ ಸದ್ದಿಲ್ಲದೆ ಹೊರಳುತ್ತಿತ್ತು. "ಇದರ ಮ್ಯಾಲ ಕಾಲಿಡ್ರಿ ಆಂಟಿ, ನಾ ತೋರಿಸ್ತೇನಿ" ಅಂದಳು.

ಅವಳು ತೋರಿಸುವ ಮೊದಲೇ ನಾನು ಎರಡೂ ಕೈ ಹಿಂದಕ್ಕೆ ಊರಿ, ಕುಂಡಿ ಎತ್ತಿ, ಹಿಮ್ಮಡಿಯ ಮೇಲಿನಿಂದ ಮೀನಖಂಡದ ತನಕ ನಿಧಾನ ಉರುಳಿಸಿಕೊಂಡೆ. ಮೊಳಕಾಲಿನ ಹಿಂದಿನ ಕುಳಿ ಬರುವುದಕ್ಕೆ ನಾಲ್ಕು ಬೆರಳು ಮೊದಲು ನಿಲ್ಲಿಸಿದೆ. ಹುಡುಗಿ ಕಣ್ಣರಳಿಸಿ ನೋಡಿದಳು.

"ಮೊದ್ಲ ಎಲ್ಲರೆ ಮಾಡಿದ್ರೇನ್ರಿ?"

"ಸಾಲ್ಯಾಗಿದ್ದಾಗ."

ಅವಳು ನಕ್ಕಳು. ಈ ಸಾಮಾನು ನಮ್ಮ ಕಡೆ ಬಂದು ಹತ್ತು ವರ್ಷ ಕೂಡ ಆಗಿಲ್ಲ, ಈ ಮುದುಕಿ ಶಾಲೆಯಲ್ಲಿದ್ದಾಗ ಎಲ್ಲಿಂದ ಬರಬೇಕು ಅಂದುಕೊಂಡಿರಬೇಕು. ನಾನೂ ಬಿಡಿಸಿ ಹೇಳಲಿಲ್ಲ. ದಣಿದಿದ್ದೆ. ಕೆಲವು ಮಾತು ಹೇಳುವುದಕ್ಕೆ ಒಂದು ಮಧ್ಯಾಹ್ನ ಸಾಲುವುದಿಲ್ಲ...

ನಮ್ಮೂರು ಜೇವರ್ಗಿಯಿಂದ ಯಡ್ರಾಮಿಗೆ ಹೋಗುವ ದಾರಿಯಲ್ಲಿ ಬರುತ್ತದೆ. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿನ ಹೈಸ್ಕೂಲಿಗೆ ಡ್ರಿಲ್ ಸರ್ ಆಗಿ ಅವರು ಬಂದರು. ಭೀಮಾ ನದಿಯ ದಂಡೆಯವರು, ಸೊನ್ನದ ಹತ್ತಿರದ ಯಾವುದೋ ಹಳ್ಳಿ. ಆಗ ಅಲ್ಲಿ ಇನ್ನೂ ಬ್ಯಾರೇಜು ಇರಲಿಲ್ಲ. ನಲವತ್ತು ದಾಟಿರಬೇಕು. ಎಡ ಭುಜ ಬಲಕ್ಕಿಂತ ಒಂದಿಷ್ಟು ಇಳಿದಿತ್ತು. ಹರೆಯದಲ್ಲಿ ಕುಸ್ತಿ ಹಿಡಿಯುವಾಗ ಕೀಲು ತಪ್ಪಿದ್ದಂತೆ. ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಹತ್ತು ವರ್ಷ ಬೆಳೆದ ಮೈ. ಭುಜ ಹೋದ ಮೇಲೆ ಕಣಕ್ಕಿಳಿಯುವುದು ಬಿಟ್ಟು, ಉಳಿದ ಪೈಲ್ವಾನರಿಗೆ ಮಾಲೀಸು ಮಾಡುವ ಕೆಲಸಕ್ಕೆ ಅವರ ಗುರು ವಸ್ತಾದರು ಹಚ್ಚಿದ್ದರಂತೆ. "ಮಾಲೀಸ್ ಇಲ್ಲದ ಮೈ ಅಂದ್ರ ನೆನೀಲಾರದ ತೊಗಲು" ಎಂಬುದು ವಸ್ತಾದರ ಮಾತು. ಸರ್ ಅದನ್ನು ನಮಗೆ ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದರು.

ಅವರು ಬರುವ ಮುಂಚೆ ನಮಗೆ ಆಟದ ಪೀರಿಯಡ್ಡು ಅಂದರೆ ಬೇವಿನ ಗಿಡದ ಕೆಳಗೆ ಕೂತು ಕಸೂತಿ ಹಾಕುವುದು. ಅವರು ಬಂದ ತಿಂಗಳೊಪ್ಪತ್ತಿನಲ್ಲಿ ಹುಡುಗಿಯರ ಖೋ-ಖೋ ತಂಡ ಕಟ್ಟಿದರು. ಹನ್ನೆರಡು ಮಂದಿ. ಒಂಬತ್ತನೆಯ ತರಗತಿಯಲ್ಲಿದ್ದ ನನ್ನನ್ನು ಕ್ಯಾಪ್ಟನ್ ಮಾಡಿದರು, ಯಾಕೆಂದರೆ ನನ್ನ ದನಿ ದೊಡ್ಡದಿತ್ತು. ಲಂಗ ಕಾಲಿಗೆ ಸಿಕ್ಕಿ ಬೀಳುತ್ತೇವೆಂದು ಅವರ ಮನೆಯವರು, ನಾವು ಕಾಕು ಅನ್ನುತ್ತಿದ್ದೆವು, ಹನ್ನೆರಡು ಪೈಜಾಮ ಹೊಲಿದು ಕೊಟ್ಟರು. ಎಲ್ಲಾ ಒಂದೇ ಥಾನಿನವು, ನೀಲಿ ಪಟ್ಟಿಯವು. ಊರಲ್ಲಿ ಅದಕ್ಕೂ ಒಂದಿಷ್ಟು ಮಾತು ಬಂತು. ಅಡತಿ ಅಂಗಡಿ ನಡೆಸುತ್ತಿದ್ದ ನಮ್ಮಪ್ಪ ಮಾತ್ರ, "ಮೈ ಮುಚ್ಚ್ಯಾವಲ್ಲ, ಸಾಕು" ಅಂದು ಸುಮ್ಮನಾದ.

ಖೋ-ಖೋ ಆಡಿದವರಿಗೆ ಗೊತ್ತು, ಅದರಲ್ಲಿ ಕೆಡುವುದು ಕಾಲು. ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂಡಬೇಕು, ಬೆನ್ನಿಗೆ 'ಖೋ' ಬಿದ್ದ ಕೂಡಲೇ ಬಾಣದಂತೆ ಏಳಬೇಕು, ಕಂಬದ ಹತ್ತಿರ ಗಕ್ಕನೆ ತಿರುಗಬೇಕು. ನಮ್ಮದು ಎರೆ ಮಣ್ಣಿನ ಮೈದಾನ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಟ್ಟಿ ಆಗುತ್ತಿತ್ತು, ನಾಲ್ಕು ಹನಿ ಬಿದ್ದರೆ ಕಾಲು ಹಿಡಿದು ಎಳೆಯುತ್ತಿತ್ತು. ಮೊದಲ ವಾರ ಆಡಿದ ಮೇಲೆ ನಮ್ಮಲ್ಲಿ ಅರ್ಧ ಮಂದಿ ಮನೆಯ ಕಟ್ಟೆ ಹತ್ತಲಾರದೆ ಗೋಡೆ ಹಿಡಿದು ನಡೆದೆವು. ನಮ್ಮ ಆಯಿ, ಅಂದರೆ ಅಜ್ಜಿ, ನನ್ನನ್ನು ನೋಡಿ, "ಹಡದಾಕಿನೂ ಹಿಂಗ್ ನಡ್ಯಂಗಿಲ್ಲ" ಅಂದಳು.

ಸರ್ ಪೇಚಿಗೆ ಸಿಕ್ಕರು. ಹುಡುಗರ ಕಬಡ್ಡಿ ತಂಡಕ್ಕೆ ಅವರೇ ಮಾಲೀಸು ಮಾಡುತ್ತಿದ್ದರು. ವರಾಂಡದಲ್ಲಿ ಮಲಗಿಸಿ, ಅಂಗೈಗೆ ಎಣ್ಣೆ ಹಚ್ಚಿ, ಬಿಗಿದ ಕಾಲನ್ನು ಎರಡು ನಿಮಿಷದಲ್ಲಿ ಸಡಿಲ ಮಾಡುತ್ತಿದ್ದರು. ಆದರೆ ನಮ್ಮನ್ನು ಮುಟ್ಟುವ ಹಾಗಿರಲಿಲ್ಲ. ಅದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. "ಕೈ ಇಲ್ಲದ ಮಾಲೀಸ್ ಹುಡುಕ್ಬೇಕು ಬೇ" ಅಂದರು ಒಂದು ದಿನ, ತಮಗೆ ತಾವೇ ಅಂದುಕೊಂಡ ಹಾಗೆ.

ಹುಡುಕಿದರು. ಊರ ಬಡಿಗೇರನ ಹತ್ತಿರ ಹೋಗಿ, ಜಾಲಿ ಕಟ್ಟಿಗೆಯದೊಂದು ದುಂಡನೆಯ ತುಂಡು ಮಾಡಿಸಿದರು, ನನ್ನ ತೋಳಿಗಿಂತ ಎರಡು ಪಟ್ಟು ದಪ್ಪದ್ದು. ಅದರ ಮೇಲೆ ಗೋಣಿತಟ್ಟು ಸುತ್ತಿದರು. ಅದನ್ನು ನೆಲಕ್ಕಿಟ್ಟು, ಮೇಲೆ ಕಾಲಿಟ್ಟು, ನಾವೇ ನಮ್ಮ ಭಾರದಿಂದ ಉರುಳಿಸಿಕೊಳ್ಳಬೇಕು. ಮೊದಲ ದಿನ ಗೋಣಿಯ ನಾರು ಕಾಲಿಗೆ ಚುಚ್ಚಿ ಕೆಂಪಗಾಯಿತು. ಎರಡನೆಯ ಸಲ ಹಳೇ ಕೌದಿ ಸುತ್ತಿದರು, ಅದು ಜಾರಿತು. ಕೊನೆಗೆ ಸೈಕಲ್ ರಿಪೇರಿ ಅಂಗಡಿಯಿಂದ ಒಡೆದ ಟ್ಯೂಬುಗಳನ್ನು ತಂದು, ಉದ್ದಕ್ಕೆ ಸೀಳಿ, ಪದರ ಪದರವಾಗಿ ಬಿಗಿಯಾಗಿ ಸುತ್ತಿ ತುದಿಗೆ ಮೊಳೆ ಹೊಡೆದರು. ಅದು ಕೂತಿತು. ಒತ್ತಿದರೆ ಒಂದಿಷ್ಟು ಒಳಗೆ ಹೋಗುವುದು, ಬಿಟ್ಟರೆ ಮೇಲೆ ಬರುವುದು. ಅಂಥವು ನಾಲ್ಕು ಮಾಡಿಸಿದರು. ನಾವು ಅದಕ್ಕೆ ಕರೀ ಲಟ್ಟಣಿಗಿ ಅಂತ ಹೆಸರಿಟ್ಟೆವು. ಅವರು 'ಉಳ್ಳಾಡೋ ಕಟ್ಟಿಗಿ' ಅನ್ನುತ್ತಿದ್ದರು.

ಆಟದ ಸಾಮಾನಿನ ಕೋಣೆಗೆ ಶಹಾಬಾದಿ ಪರಸಿ ಕಲ್ಲು ಹಾಸಿದ್ದರು, ಉರುಳಿಸುವುದಕ್ಕೆ ಚಲೋ ನೆಲ. ನಾವು ಹನ್ನೆರಡು ಮಂದಿ ಒಳಗೆ. ಸರ್ ಹೊರಗೆ ಒಂದು ಸ್ಟೂಲು ಹಾಕಿಕೊಂಡು, ಬಾಗಿಲಿಗೆ ಬೆನ್ನು ಮಾಡಿ, ಮೈದಾನದ ಕಡೆ ಮುಖ ಹಾಕಿ ಕೂಡುತ್ತಿದ್ದರು. ಬಾಗಿಲು ಯಾವಾಗಲೂ ತೆರೆದೇ ಇರಬೇಕು, ಅದು ಅವರದೇ ನಿಯಮ. ಅಲ್ಲಿಂದಲೇ ಎಣಿಸುತ್ತಿದ್ದರು. "ನಿಧಾನ... ಉಸರ್ ಹಿಡೀಬ್ಯಾಡ್ರಿ... ನೋವಿದ್ದಲ್ಲಿ ನಿಲ್ರಿ, ಇಪ್ಪತ್ತು ಎಣಿಸ್ರಿ, ಮುಂದ ಹೋಗ್ರಿ... ಎಲುಬಿನ ಮ್ಯಾಲ ಹಾಯಿಸ್ಬ್ಯಾಡ್ರಿ, ಮೊಣಕಾಲ ಹಿಂದಿನ ಕುಣಿಗೆ ಹಾಯಿಸ್ಬ್ಯಾಡ್ರಿ..." ನಮ್ಮನ್ನು ನೋಡದೆಯೇ ಯಾರು ಅವಸರ ಮಾಡುತ್ತಿದ್ದಾರೆಂದು ಅವರಿಗೆ ಸದ್ದಿನಿಂದ ತಿಳಿಯುತ್ತಿತ್ತು.

ಅವರದು ಬರೀ ನಂಬಿಕೆ ಆಗಿರಲಿಲ್ಲ. ಪರೀಕ್ಷೆ ಮಾಡಿ ನೋಡುವ ಚಟ. ಒಂದು ಶನಿವಾರ ವರಾಂಡದ ಮೆಟ್ಟಿಲ ಮೇಲೆ ನಮ್ಮನ್ನು ನಿಲ್ಲಿಸಿ, ಮೊಳಕಾಲು ಮಡಚದೆ ಬಗ್ಗಿಸಿ, ಬೆರಳು ಎಲ್ಲಿ ಮುಟ್ಟಿತೋ ಅಲ್ಲಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆಸಿದರು. ಆಮೇಲೆ ಗೋಡೆಯ ಪಕ್ಕ ನಿಂತು ಜಿಗಿದು ಎಷ್ಟೆತ್ತರ ಕೈ ಮುಟ್ಟುತ್ತದೆ, ಅಲ್ಲೊಂದು ಗೆರೆ. ಮೂರು ನಿಮಿಷ ಉರುಳಿಸಿಕೊಂಡು ಬಂದು ಮತ್ತೆ ಎರಡೂ. ಬಗ್ಗುವ ಗೆರೆ ಎಲ್ಲರದೂ ಎರಡು ಮೂರು ಬೆರಳು ಕೆಳಗೆ ಇಳಿದಿತ್ತು. ಜಿಗಿಯುವ ಗೆರೆ ಎಲ್ಲಿತ್ತೋ ಅಲ್ಲೇ ಇತ್ತು. ನಮಗೆ ನಿರಾಶೆ ಆಯಿತು. ಸರ್‌ಗೆ ಖುಷಿ ಆಯಿತು.

"ನೋಡ್ರಿ ಬೇ, ಇದು ತಾಕತ್ ಕೊಡಂಗಿಲ್ಲ. ತಾಕತ್ ಓಡಿದ್ರ ಬರ್ತದ, ರೊಟ್ಟಿ ತಿಂದ್ರ ಬರ್ತದ. ಇದು ಬಿಗಿದದ್ದು ಸಡಲ ಮಾಡ್ತದ, ಅಷ್ಟ. ಇದ್ದದ್ದನ್ನೂ ಕಸಗೊಳ್ಳಂಗಿಲ್ಲ. ಅದಕ್ಕಿಂತ ಹೆಚ್ಚು ಯಾರರೆ ಹೇಳಿದ್ರ ನಂಬಬ್ಯಾಡ್ರಿ, ನಾ ಹೇಳಿದ್ರೂ ನಂಬಬ್ಯಾಡ್ರಿ."

ಆಟಕ್ಕೆ ಮುಂಚೆ ಎರಡು ಮೂರು ನಿಮಿಷ ಸಾಕು, ಹೆಚ್ಚು ಹೊತ್ತು ಉರುಳಿದರೆ ಕಾಲು ಮಂಕಾಗುತ್ತದೆ, ಆಟ ಮುಗಿದ ಮೇಲೆ ಬೇಕಾದಷ್ಟು ಮಾಡಿರಿ ಅನ್ನುತ್ತಿದ್ದರು. ನಿಜವಾಗಿ ನಮಗೆ ಗುಣ ಕಂಡದ್ದು ಮರುದಿನ. ಗೋಡೆ ಹಿಡಿದು ನಡೆಯುವುದು ನಿಂತಿತು. ನೋವು ಇರುತ್ತಿತ್ತು, ಆದರೆ ಆಡಬಹುದಾದಷ್ಟು. ಸತತವಾಗಿ ಆಡಲಿಕ್ಕೆ ಆಯಿತು, ಅದರಿಂದ ಆಟ ಬಂತು. ಮರುವರ್ಷ ತಾಲೂಕಿನಲ್ಲಿ ಗೆದ್ದೆವು. ಜೇವರ್ಗಿಯ ಮೈದಾನದಲ್ಲಿ ಜೀಪು ಲಾರಿಗಳ ಧೂಳಿನ ನಡುವೆ, ಬೇರೆ ಶಾಲೆಯ ಹುಡುಗಿಯರು ನಮ್ಮ ನೀಲಿ ಪಟ್ಟಿಯ ಪೈಜಾಮ ನೋಡಿ ನಕ್ಕದ್ದು, ಸಂಜೆಯ ಹೊತ್ತಿಗೆ ಆ ನಗು ಇಲ್ಲದ್ದು ಇನ್ನೂ ನೆನಪಿದೆ. ಗುಲ್ಬರ್ಗಾದಲ್ಲಿ ಜಿಲ್ಲಾ ಮಟ್ಟದ ಆಟಕ್ಕೆ ಒಂದು ತಿಂಗಳಿತ್ತು.

ಆ ತಿಂಗಳಲ್ಲಿಯೇ ನನ್ನ ಕಾಲು ಹಿಡಿದುಕೊಂಡದ್ದು. ಬಹಳ ಬಿಸಿಲು, ನೀರು ಸರಿಯಾಗಿ ಕುಡಿದಿರಲಿಲ್ಲ. ಕೋಣೆಯಲ್ಲಿ ಉರುಳಿಸಿಕೊಳ್ಳುತ್ತಿದ್ದಾಗ ಎಡಗಾಲಿನ ಮೀನಖಂಡ ಒಮ್ಮೆಲೇ ಗಂಟು ಕಟ್ಟಿಕೊಂಡಿತು. ಕಲ್ಲಾಯಿತು. ಪ್ರಾಣ ಹೋಗುವಂತೆ ಚೀರಿದೆ. ಉಳಿದವರು ಏನು ಮಾಡಬೇಕೆಂದು ತಿಳಿಯದೆ ನನ್ನ ಸುತ್ತ ಚೀರತೊಡಗಿದರು. ಸರ್ ಓಡಿ ಒಳಗೆ ಬಂದರು. ಒಂದು ಕೈಯಿಂದ ನನ್ನ ಹಿಮ್ಮಡಿ ಹಿಡಿದು, ಇನ್ನೊಂದು ಅಂಗೈಯಿಂದ ಪಾದವನ್ನು ಮೊಳಕಾಲಿನ ಕಡೆ ಮೆಲ್ಲಗೆ ಒತ್ತಿ ಹಿಡಿದರು. ಮುಖ ಬಾಗಿಲ ಕಡೆಗೇ ಇತ್ತು. ಅರ್ಧ ನಿಮಿಷ, ಹೆಚ್ಚೆಂದರೆ ಒಂದು. ಗಂಟು ಬಿಟ್ಟಿತು. ಬಿಟ್ಟ ಕೂಡಲೇ ಕೈ ತೆಗೆದು, "ನೀರು ಕುಡಸ್ರಿ ಆಕಿಗೆ, ಒಂದ್ ಚಿಟಿಕಿ ಉಪ್ಪು ಹಾಕಿ" ಅಂದು ಹೊರಗೆ ಹೋಗಿ ಸ್ಟೂಲಿನ ಮೇಲೆ ಕೂತರು.

ಅದೇ ಹೊತ್ತಿಗೆ ತಂಡದ ಹುಡುಗಿಯೊಬ್ಬಳ ಸೋದರಮಾವ ಅವಳನ್ನು ಕರೆದೊಯ್ಯಲು ಬಂದಿದ್ದ. ಕಿಟಕಿಯಿಂದ ಅವನಿಗೆ ಕಂಡದ್ದು ಇಷ್ಟು: ನೆಲದ ಮೇಲೆ ಬಿದ್ದ ಹುಡುಗಿಯರು, ನಡುವೆ ನನ್ನ ಕಾಲು ಹಿಡಿದ ಮಾಸ್ತರು. ಅವನನ್ನು ಬೈಯಲು ನನಗೆ ಈಗ ಆಗುವುದಿಲ್ಲ. ಹೆಣ್ಣುಮಕ್ಕಳನ್ನು ಹೊರಗೆ ಕಳಿಸುವವರಿಗೆ ಅಂಜಿಕೆ ಇರುತ್ತದೆ, ಇರಬೇಕು ಕೂಡ. ಆದರೆ ಅವನು ಬಾಗಿಲಿಗೆ ಬಂದು ಕೇಳಲಿಲ್ಲ. ಸೀದಾ ಊರಿಗೆ ಹೋಗಿ ಹೇಳಿದ. ಎರಡು ದಿನದಲ್ಲಿ ಅರ್ಜಿ ಹೋಯಿತು, ಹತ್ತು ಹದಿನೈದು ಸಹಿ ಹಾಕಿಸಿಕೊಂಡು.

ವಿಚಾರಣೆಗೆ ಇಬ್ಬರು ಬಂದರು. ಒಬ್ಬರು ಸಾಹೇಬರು, ಇನ್ನೊಬ್ಬರು ಬೇರೆ ಊರಿನ ಶಾಲೆಯಲ್ಲಿ ಕಲಿಸುವ ಅಕ್ಕೋರು. ಹುಡುಗಿಯರು ಸಂಕೋಚ ಬಿಟ್ಟು ಮಾತಾಡಲಿ ಎಂದು ಅವರನ್ನು ಕರೆತಂದಿದ್ದರು. ಒಳ್ಳೆಯವರೇ ಇಬ್ಬರೂ. ನಮ್ಮನ್ನು ಒಬ್ಬೊಬ್ಬರನ್ನೇ ಹೆಡ್ಮಾಸ್ತರ ಕೋಣೆಗೆ ಕರೆದರು, ಜೊತೆಗೆ ಅಪ್ಪನೋ ಅಣ್ಣನೋ. ಹಿಂದಿನ ದಿನ ನಮ್ಮಪ್ಪ ನನಗೆ ಒಂದೇ ಮಾತು ಹೇಳಿದ್ದ: "ಮಾಸ್ತರ್ ಒಳ್ಳೇವ್ರೇ ಇರಬಹುದು. ಮಂದಿ ಬಾಯಿ ಒಳ್ಳೇದಲ್ಲ. ಕೇಳಿದ್ದಕ್ಕಷ್ಟ ಹೇಳಿ ಬಾ. ಮಾತು ಬೆಳದ್ರ ನಿನ್ನ ಸಾಲಿ ಅಲ್ಲಿಗೇ ಮುಗೀತು."

ಅಕ್ಕೋರು ಮೆತ್ತಗೆ ಕೇಳಿದರು. "ಸರ್ ಕೋಣಿ ಒಳಗ ಬರ್ತಿದ್ರೇನವ್ವಾ?"

"ಇಲ್ರಿ. ಒಂದ್ ಸಲ ಬಂದಿದ್ರು."

"ಮುಟ್ಟಿದ್ರೇನು?"

ಹೌದೆಂದು ತಲೆ ಆಡಿಸಿದೆ.

"ಎಲ್ಲಿ?"

"ಕಾಲು..."

ಅಪ್ಪ ಕುರ್ಚಿಯಿಂದ ಎದ್ದ. "ಸಾಕ್ರಿ ಅಕ್ಕೋರ. ಮುಂದ ಕೇಳಬ್ಯಾಡ್ರಿ."

ಅಕ್ಕೋರು ಅಪ್ಪನ ಕಡೆ ನೋಡಲಿಲ್ಲ. ನನ್ನ ಕಡೆಗೇ ತಿರುಗಿದರು. "ಇನ್ನೇನರೆ ಹೇಳೂದು ಅದೇನವ್ವಾ?" ಅಂದರು. ಹೇಳುವುದು ಎಲ್ಲಾ ಇತ್ತು. ಕಾಲು ಹಿಡಿದದ್ದು, ನಾನು ಚೀರಿದ್ದು, ಅವರ ಮುಖ ಬಾಗಿಲ ಕಡೆ ಇದ್ದದ್ದು. ನಾಲ್ಕು ಮಾತು ಸಾಕಿತ್ತು. ನಾನು ಇಲ್ಲವೆಂದು ತಲೆಯಾಡಿಸಿದೆ. ಸಾಹೇಬರು ಬರೆದುಕೊಂಡರು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಉಳಿದ ಹುಡುಗಿಯರು ಸರ್ ಹೊರಗೆ ಕೂಡುತ್ತಿದ್ದರು ಎಂದೇ ಹೇಳಿದರಂತೆ, ಕ್ಯಾಪ್ಟನ್ನಿನ ಕಾಲು ಹಿಡಿದುಕೊಂಡಿತ್ತು ಎಂದೂ ಇಬ್ಬರು ಹೇಳಿದರಂತೆ. ಆದರೆ ಯಾರ ಕಾಲೋ ಅವಳೇ ಹೇಳಲಿಲ್ಲವಲ್ಲ. ಸರ್‌ಗೆ ಆಳಂದ ತಾಲೂಕಿನ ಗಡಿಯ ಹಳ್ಳಿಯೊಂದಕ್ಕೆ ಬದಲಿ ಆಯಿತು. ಹುಡುಗಿಯರ ಆಟದ ಜವಾಬ್ದಾರಿ ಇವರಿಗೆ ಕೊಡಕೂಡದು ಎಂದು ಸರ್ವಿಸ್ ಬುಕ್ಕಿನಲ್ಲಿ ಒಂದು ಷರಾ ಬಿತ್ತು. ತಂಡ ಗುಲ್ಬರ್ಗಾಕ್ಕೆ ಹೋಗಲಿಲ್ಲ. ಯಾರೂ ಬರ್ಖಾಸ್ತು ಮಾಡಲಿಲ್ಲ, ಮರುದಿನ ಮೈದಾನಕ್ಕೆ ಯಾರೂ ಹೋಗಲಿಲ್ಲ, ಅಷ್ಟೇ.

ಬೀಗದ ಕೈ ಒಪ್ಪಿಸಲು ಅವರು ಶಾಲೆಗೆ ಬಂದ ದಿನ ವರಾಂಡದಲ್ಲಿ ನಾನು ಎದುರಾದೆ. ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ. ಅವರು ನಿಂತರು.

"ಕಾಲು ಹೆಂಗದ ಈಗ?"

"ಆರಾಮದ್ರಿ."

"ನೀರು ಕುಡಿ, ಭಾಳ ಬಿಸಲು" ಅಂದು ಹೋದರು.

ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಪಿಯುಸಿ ಆಯಿತು. ಅಂಚೆ ಇಲಾಖೆಯ ನೌಕರಿ ಸಿಕ್ಕಿತು, ಅಫಜಲಪುರದ ಕಡೆಯವರಿಗೆ ಮದುವೆ ಮಾಡಿಕೊಟ್ಟರು, ಎರಡು ಮಕ್ಕಳಾದವು. ಓಡುವುದು ಹದಿನೈದಕ್ಕೇ ನಿಂತಿತ್ತು. ಕುರ್ಚಿಯಲ್ಲಿ ಕೂತು ಠಸ್ಸೆ ಒತ್ತುವ ಕೆಲಸಕ್ಕೆ ಕಾಲು ಬೇಕಾಗಲಿಲ್ಲ. ಸರ್ ನೆನಪಾದಾಗೆಲ್ಲ, ಆಗ ನಾನು ಸಣ್ಣವಳಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹದಿನೆಂಟಾದಾಗಲೂ ಹೇಳಿಕೊಂಡೆ. ಇಪ್ಪತ್ತೈದಾದಾಗಲೂ.

ಅವರನ್ನು ಮತ್ತೆ ನೋಡಿದ್ದು ಸುಮಾರು ಹನ್ನೆರಡು ವರ್ಷದ ಮೇಲೆ, ಅಫಜಲಪುರದ ಅಂಚೆ ಕಚೇರಿಯ ಕೌಂಟರಿನಲ್ಲಿ. ರಿಜಿಸ್ಟರ್ ಮಾಡಬೇಕಾದ ಒಂದು ಲಕೋಟೆ ಜಾಲರಿಯ ಕೆಳಗಿಂದ ಒಳಗೆ ಬಂತು. ಮೊದಲು ಗುರುತು ಹತ್ತಿದ್ದು ಅಕ್ಷರ. ದುಂಡಗೆ, ಬಿಡಿಬಿಡಿಯಾಗಿ. ತಲೆ ಎತ್ತಿದೆ. ಕೂದಲು ಬೆಳ್ಳಗಾಗಿತ್ತು, ಮೈ ಸಡಿಲಾಗಿತ್ತು, ಇಳಿದ ಭುಜ ಇನ್ನಷ್ಟು ಇಳಿದಿತ್ತು. ಆಳಂದದ ಹಳ್ಳಿಗಳಲ್ಲಿ ಮೂರು ಕಡೆ ತಿರುಗಿಸಿ, ಕೊನೆಗೆ ಅವರ ಊರಿನ ಹತ್ತಿರಕ್ಕೆ ಹಾಕಿದ್ದರಂತೆ.

"ನೀ ಕ್ಯಾಪ್ಟನ್ ಅಲ್ಲೇನ್ ಬೇ?" ಅಂದರು. ಆಮೇಲೆ ನನ್ನ ಮೇಜು, ತಕ್ಕಡಿ ಎಲ್ಲಾ ನೋಡಿ, "ಈಗ ನೀವು ಅನಬೇಕು. ಸರಕಾರಿ ಮಂದಿ" ಅಂದು ಸಣ್ಣಗೆ ನಕ್ಕರು.

ಲಕೋಟೆಯ ಮೇಲೆ ಶಿಕ್ಷಣ ಇಲಾಖೆಯ ವಿಳಾಸವಿತ್ತು. ಅದನ್ನು ತಕ್ಕಡಿಯಲ್ಲಿಟ್ಟು ತೂಗಿದೆ. "ಏನ್ ಸರ್ ಇದು?" ಅಂತ ಕೇಳಿದೆ, ಗೊತ್ತಿದ್ದೂ.

"ಆ ಷರಾ ತಗೀರಿ ಅಂತ. ವರ್ಷಕ್ಕೊಂದ್ ಹಾಕ್ತೇನಿ. ಪರಿಶೀಲನೆಯಲ್ಲಿದೆ ಅಂತ ಉತ್ತರ ಬರ್ತದ. ಅವತ್ತು ಒಂದ್ ಹುಡುಗಿಗೆ ಕಾಲು ಹಿಡದಿತ್ತು, ಅದಕ್ಕ ಒಳಗ ಹೋದೆ, ಅಂತ ಬರದೇನಿ. ಇದ್ದದ್ದ ಇದ್ದಂಗ."

ಒಂದು ಹುಡುಗಿ ಅಂದರು. ಅವಳು ಎದುರಿಗೇ ಕೂತಿಲ್ಲ ಅನ್ನುವ ಹಾಗೆ.

"ಹೆಸರು ಬರದೀರಿ?"

"ಇಲ್ಲ. ಯಾವ ಅರ್ಜಿಯಾಗೂ ಬರದಿಲ್ಲ."

"ಬರೀರಿ ಸರ್. ಹೆಸರಿಲ್ಲದಿದ್ರ ಅವ್ರು ಯಾರನ್ನ ಕೇಳ್ಬೇಕು?"

"ಬ್ಯಾಡ ತಂಗಿ. ಮದುವಿ ಆಗ್ಯದ, ಮಕ್ಕಳು ಮರಿ ಇರ್ತಾವ. ಆಕಿಗ್ಯಾಕ ತ್ರಾಸ?"

ರಸೀದಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು ಹೋದರು. ಆ ದಿನ ಉಳಿದ ಕೆಲಸ ಹೇಗೆ ಮಾಡಿದೆನೋ ಗೊತ್ತಿಲ್ಲ. ಮರುದಿನ ಊಟದ ಬಿಡುವಿನಲ್ಲಿ ಕಾಗದ ತೆಗೆದು ಬರೆದೆ. ನನ್ನ ಹೆಸರು, ತಂದೆಯ ಹೆಸರು, ಆ ವರ್ಷ ಓದುತ್ತಿದ್ದ ತರಗತಿ. ಕಾಲು ಹೇಗೆ ಹಿಡಿಯಿತು, ಅವರು ಎಲ್ಲಿ ಮುಟ್ಟಿದರು, ಎಷ್ಟು ಹೊತ್ತು, ಮುಖ ಎತ್ತ ಇತ್ತು. ವಿಚಾರಣೆಯ ದಿನ ಕೇಳಿದರೂ ನಾನು ಹೇಳಲಿಲ್ಲ ಎಂಬುದನ್ನೂ ಬರೆದೆ. ಒಂದೇ ಪುಟ ಆಯಿತು. ಹನ್ನೆರಡು ವರ್ಷ ಹೊತ್ತದ್ದು ಒಂದು ಪುಟಕ್ಕಿಂತ ಹೆಚ್ಚಿರಲಿಲ್ಲ.

ನಮ್ಮ ಯಜಮಾನರಿಗೆ ತೋರಿಸಿದೆ. ಓದಿ, "ಕಳಸು" ಅಂದರು. ಅಪ್ಪನಿಗೆ ಹೇಗೋ ತಿಳಿಯಿತು. "ಹಳೇ ಕೆಸರು ಯಾಕ ಕಲಕ್ತಿ?" ಅಂತ ಕೇಳಿದ. ನನಗೆ ಜಗಳ ಮಾಡುವ ತಾಕತ್ತು ಇರಲಿಲ್ಲ. "ಕೆಸರು ಅವರ ಮ್ಯಾಲ ಅದಪ್ಪಾ" ಅಂದೆ. ಅವನು ಎದ್ದು ಹೊರಗೆ ಹೋದ.

ಎರಡು ತಿಂಗಳಿಗೆ ಗುಲ್ಬರ್ಗಾಕ್ಕೆ ಕರೆದರು. ಅಲ್ಲಿದ್ದವರು ಹೊಸ ಅಧಿಕಾರಿ, ನನ್ನ ವಯಸ್ಸಿನವರೇ. ಹೇಳಿಕೆ ಓದಿ, "ಆಗ್ಯಾಕ ಹೇಳಲಿಲ್ಲ?" ಅಂದರು. "ಅಂಜಿದ್ದೆ" ಅಂದೆ. "ಆಮ್ಯಾಲ?" ಅಂದರು. "ಸಹಿ ಎಲ್ಲಿ ಮಾಡ್ಬೇಕ್ರಿ?" ಅಂದೆ. ಅವರು ಜಾಗ ತೋರಿಸಿದರು. ಸಹಿ ಮಾಡಿ ಬಸ್ಸು ಹತ್ತಿದೆ.

ಆದೇಶ ಬರುವುದಕ್ಕೆ ಮತ್ತೂ ಎಂಟು ತಿಂಗಳಾಯಿತು. ಸೋಮವಾರ, ಕೌಂಟರಿನಲ್ಲಿ ಉದ್ದ ಸಾಲು. ಆ ಸಾಲಿನಲ್ಲಿ ನಿಂತೇ ಬಂದರು ಅವರು. ಕಾಗದ ಬಿಚ್ಚಿ ಜಾಲರಿಗೆ ಹಿಡಿದರು. "ಬಂತು ತಂಗಿ." ಓದಿದೆ. ಷರಾ ತೆಗೆದಿದೆ ಎಂದು ಎರಡು ಸಾಲು. ಕೆಳಗೆ ನೀಲಿ ಠಸ್ಸೆ.

ನಾನು ಬರೆದದ್ದು ಅವರಿಗೆ ಗೊತ್ತಾಗಿತ್ತು, ಇಲ್ಲದಿದ್ದರೆ ಕಾಗದ ತಂದು ನನಗೆ ತೋರಿಸುತ್ತಿರಲಿಲ್ಲ. ಅವರು ಅದನ್ನು ಎತ್ತಲಿಲ್ಲ. ಏನಾದರೂ ಮಾತಾಡಬೇಕೆಂದು ನಾನೇ, "ಮತ್ತ ಹುಡುಗ್ಯಾರ ಟೀಮ್ ಕಟ್ತೀರೇನ್ ಸರ್?" ಅಂದೆ.

"ರಿಟೈರ್ ಆಗ್ಲಾಕ ವರ್ಷೊಪ್ಪತ್ತು ಉಳದದ. ಈಗಿನ ಸಾಲ್ಯಾಗ ಮೈದಾನನ ಇಲ್ಲ, ಹಿಂದ ತೊಗರಿ ಹೊಲ. ನನಗೂ ಈಗ ಕೂತ್ರ ಏಳಾಕ ಆಗಂಗಿಲ್ಲ." ಕಾಗದ ಮಡಚುತ್ತಾ ಮೆಲ್ಲಗೆ ಅಂದರು, "ನಿಮ್ಮ ಟೀಮ್ ಚಲೋ ಇತ್ತು. ಗುಲ್ಬರ್ಗಾದಾಗ ಗೆಲ್ತಿತ್ತೋ ಇಲ್ಲೋ... ಆಡಿದ್ರ ಗೊತ್ತಾಗ್ತಿತ್ತು."

ಹಿಂದಿನವರು ಅವಸರ ಮಾಡಿದರು. ಯಾರೋ ಭುಜದ ಮೇಲಿಂದ ಕೈ ಚಾಚಿ ಒಂದು ಫಾರ್ಮು ಒಳಗೆ ತೂರಿಸಿದರು. ಸರ್ ಪಕ್ಕಕ್ಕೆ ಸರಿದು, ಬಾಗಿಲ ಹತ್ತಿರದ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದರು. ಆಮೇಲೆ ತಲೆ ಎತ್ತಿ ನೋಡಿದಾಗ ಬೆಂಚು ಖಾಲಿ ಇತ್ತು.

ಅವರು ಹೋದ ಸುದ್ದಿ ಬಂದದ್ದು ನಿವೃತ್ತಿಯಾಗಿ ಎರಡು ವರ್ಷಕ್ಕೆ. ಅದೂ ಹದಿನೈದು ದಿನ ತಡವಾಗಿ. ಎದೆ ನೋವು ಅಂದರಂತೆ, ಅಫಜಲಪುರದ ದವಾಖಾನೆ ಮುಟ್ಟುವುದರೊಳಗೆ ಮುಗಿದಿತ್ತಂತೆ. ನಾನು ಕಾಕುವನ್ನು ಕಾಣಲು ಅವರ ಹಳ್ಳಿಗೆ ಹೋದೆ. ಹೊಳೆಯ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಕಾಕು ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಾ ಕೂತಿದ್ದರು. ನನ್ನನ್ನು ಗುರುತು ಹಿಡಿದು ನೀರು ಕೊಟ್ಟರು, ಮತ್ತೆ ಮೊರ ಹಿಡಿದು ಕೂತರು. ನಾನೂ ಒಂದು ಹಿಡಿ ಬೇಳೆ ತೆಗೆದುಕೊಂಡು ಆರಿಸತೊಡಗಿದೆ. ಕೊನೆಗೆ ನಾನೇ ಕೇಳಿದೆ.

"ಸರ್‌ಗೆ ನನ್ ಮ್ಯಾಲ ಸಿಟ್ಟಿತ್ತೇನ್ ಕಾಕು?"

ಕಾಕು ಒಂದು ಹರಳು ಆರಿಸಿ ಹೊರಗೆ ಎಸೆದರು.

"ಇರಲಿಲ್ಲ ಅಂದ್ರ ಸುಳ್ಳಾಗ್ತದವ್ವಾ. ಇತ್ತು. ಆಳಂದದ ಕಡಿ ಹೋದಾಗ ಎರಡ್ ಮೂರ್ ವರ್ಷ ಇತ್ತು. ರಾತ್ರಿ ಉಂಡು ಕೂತಾಗ ಅಂತಿದ್ರು, ಆ ಹುಡುಗಿ ಒಂದ್ ಮಾತು ಹೇಳಿದ್ರ ಆಗ್ತಿತ್ತು, ಒಂದ ಮಾತು, ಅಂತ. ಆಮ್ಯಾಲ ಬಿಟ್ರು. ಸಿಟ್ಟು ಹೊತ್ಕೊಂಡು ಅಡ್ಡಾಡಾಕೂ ಮೈಯಾಗ ಕಸುವು ಬೇಕಲ್ಲ."

ಬಸ್ಸಿನ ಹೊತ್ತಾಯಿತೆಂದು ಎದ್ದೆ. ಕಾಕು ಉಣಿಸದೆ ಕಳಿಸಲಿಲ್ಲ. ರೊಟ್ಟಿ, ಪುಂಡಿಪಲ್ಯ ಬಡಿಸಿ, ನಾನು ತಿಂದು ಮುಗಿಸುವ ತನಕ ಎದುರಿಗೆ ಕೂತಿದ್ದರು. ನಾನು ತಲೆ ತಗ್ಗಿಸಿ ಉಂಡೆ.

ಈಗ ನನಗೆ ಐವತ್ತೆಂಟು. ಅಪ್ಪ ಇಲ್ಲ. ಕಾಕು ಕೂಡ ಹೋಗಿ ಹನ್ನೊಂದು ವರ್ಷವಾಯಿತು. ತಂಡದ ಹುಡುಗಿಯರು ಯಾರು ಎಲ್ಲಿದ್ದಾರೋ... ಇಬ್ಬರು ಒಂದು ಮದುವೆಯಲ್ಲಿ ಸಿಕ್ಕಿದ್ದರು. ಸೊಸೆಯರ ಬಗ್ಗೆ, ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡಿದೆವು.

ಕಾಲು ನೋವಿನಿಂದ ನಿದ್ದೆ ಬಾರದಾಗ ಆ ಸೋಮವಾರದ ಸಾಲು ಕಣ್ಣಿಗೆ ಬರುತ್ತದೆ. ಜಾಲರಿಯ ಆಚೆ ಅವರು, ಈಚೆ ನಾನು. ಅವರು ಏನಂದರು, ನಾನು ಏನಂದೆ, ಒಂದೊಂದೇ ಮಾತು ಮತ್ತೆ ಜೋಡಿಸಿ ನೋಡುತ್ತೇನೆ. ಎಲ್ಲೋ ನಡುವೆ 'ತಪ್ಪಾಯ್ತ್ರಿ ಸರ್' ಅಂದಿರಬೇಕು, ನನಗೆ ಮರೆತಿರಬೇಕು ಎಂದು ಹುಡುಕುತ್ತೇನೆ. ಎಷ್ಟು ಸಲ ಹುಡುಕಿದರೂ ಸಿಗುವುದಿಲ್ಲ. ಹೇಳಿಕೆ ಬರೆದುಕೊಟ್ಟಿದ್ದೆ, ಸಹಿ ಹಾಕಿದ್ದೆ, ಗುಲ್ಬರ್ಗಾಕ್ಕೆ ಹೋಗಿ ಬಂದಿದ್ದೆ. ಆ ಮಾತು ಮಾತ್ರ ಆಡಿರಲಿಲ್ಲ. ಇನ್ನು ಆಡುವುದಕ್ಕೆ ಯಾರೂ ಉಳಿದಿಲ್ಲ.